ಗಾಜಿನ ಫಲಕದಿಂದ ಚಿನ್ನದ ಗಣಿಯವರೆಗೆ: ಬಿಭಾ ಚೌಧುರಿ ಅವರ ಬದುಕು

ಬಂಗಾರಪೇಟೆ ಜಂಕ್ಷನ್ನಿನಿಂದ ಮಾರಿಕುಪ್ಪಂ ಕಡೆಗೆ ಕವಲೊಡೆಯುವ ರೈಲುಮಾರ್ಗವನ್ನು 1894ರಲ್ಲಿ ಹಾಕಿದ್ದು ಚಿನ್ನಕ್ಕಾಗಿ. ಆ ಮಾರ್ಗದ ಕೊನೆಯಲ್ಲಿರುವ ಕೋಲಾರ ಚಿನ್ನದ ಗಣಿ ಪ್ರದೇಶಕ್ಕೆ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂದದ್ದೂ ಚಿನ್ನಕ್ಕಾಗಿಯೇ. ಆದರೆ ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಅದೇ ಗಣಿಗೆ ಚಿನ್ನದ ಹಂಗಿಲ್ಲದ ಕೆಲವರು ಬರತೊಡಗಿದರು. ಅವರಿಗೆ ಬೇಕಾಗಿದ್ದುದು ಗಣಿಯ ಆಳ ಮತ್ತು ತಲೆಯ ಮೇಲೆ ನಿಂತ ಕಲ್ಲಿನ ದಪ್ಪ ಮಾತ್ರ. ಆಕಾಶದಿಂದ ಬಿಡುವಿಲ್ಲದೆ ಸುರಿಯುವ ವಿಶ್ವಕಿರಣಗಳಲ್ಲಿ ಯಾವುವು ಆ ಕಲ್ಲನ್ನು ದಾಟಿ ಕೆಳಗಿಳಿಯುತ್ತವೆ ಎಂಬುದನ್ನು ಎಣಿಸಲು, ಸಾಧ್ಯವಾದರೆ ಅವುಗಳ ಚಿತ್ರ ತೆಗೆಯಲು ಅವರು ಬಂದಿದ್ದರು.

ಆ ಸಾಲಿನಲ್ಲಿ ಒಬ್ಬ ಮಹಿಳೆಯ ಹೆಸರೂ ಇದೆ. ಅವರು ಬಿಭಾ ಚೌಧುರಿ. ಬಂಗಾಳಿಯ ಬಿಭಾ ನಮ್ಮ ವಿಭಾ. ಬೆಳಕು ಎಂದು ಅದರ ಅರ್ಥ. ಭಾರತದ ಮೊದಲ ಮಹಿಳಾ ಕಣಭೌತ ವಿಜ್ಞಾನಿಗಳಲ್ಲಿ ಒಬ್ಬರೆಂದು ಇಂದು ಅವರ ಹೆಸರು ಎಲ್ಲೆಡೆ ಕೇಳಿಬರುತ್ತಿದೆ. 2019ರಲ್ಲಿ ಆಕಾಶದ ಒಂದು ನಕ್ಷತ್ರಕ್ಕೂ ಅವರ ಹೆಸರನ್ನು ಇಡಲಾಗಿದೆ. ಆದರೆ 1991ರಲ್ಲಿ ಅವರು ತೀರಿಕೊಂಡಾಗ ಈ ಖ್ಯಾತಿಯ ಸುಳಿವೂ ಇರಲಿಲ್ಲ. ಅವರ ಬದುಕಿನ ಕಥೆ ಬಹುಮಟ್ಟಿಗೆ ಫೋಟೋಗ್ರಫಿಯ ಕಥೆ. ಕೈಗೆ ಸಿಕ್ಕ ಸಾಧಾರಣ ಸಲಕರಣೆಯಲ್ಲಿ ಕಣ್ಣನ್ನು ಪಳಗಿಸಿಕೊಂಡದ್ದು, ಸಲಕರಣೆ ಬದಲಾದಾಗಲೆಲ್ಲ ಹಳೆಯ ಅಭ್ಯಾಸವನ್ನು ಬದಿಗಿಟ್ಟು ಮತ್ತೆ ಕಲಿತದ್ದು, ಸಿಗಬೇಕಾದ ಹೊಸ ಸಲಕರಣೆ ಸಿಗಬೇಕಾದ ಹೊತ್ತಿನಲ್ಲಿ ಸಿಗದೆ ಹೋದದ್ದು, ಇವೇ ಅದರ ಮುಖ್ಯ ಅಧ್ಯಾಯಗಳು.

ಬೇಡವೆಂದರೂ ಬಿಡದ ವಿದ್ಯಾರ್ಥಿನಿ

ಬಿಭಾ ಹುಟ್ಟಿದ್ದು 1913ರಲ್ಲಿ, ಕೋಲ್ಕತ್ತದಲ್ಲಿ. ತಂದೆ ಬಂಕು ಬಿಹಾರಿ ಚೌಧುರಿ ವೈದ್ಯರು. ತಾಯಿ ಊರ್ಮಿಳಾ ದೇವಿ ಬ್ರಹ್ಮಸಮಾಜದ ಹಿನ್ನೆಲೆಯವರು. ಹೆಣ್ಣುಮಕ್ಕಳ ಓದಿಗೆ ಮನೆಯಲ್ಲಿ ಅಡ್ಡಿಯಿರಲಿಲ್ಲ. ಕಲ್ಕತ್ತ ವಿಶ್ವವಿದ್ಯಾಲಯದಿಂದ 1936ರಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಪದವಿ ಪಡೆದ ತಂಡದಲ್ಲಿ ಅವರೊಬ್ಬರೇ ಮಹಿಳೆ.

ಮುಂದೆ ಸಂಶೋಧನೆ ಮಾಡಬೇಕೆಂದು ಅವರು ಆರಿಸಿಕೊಂಡ ಗುರು ದೇವೇಂದ್ರ ಮೋಹನ ಬೋಸ್, ಅಂದರೆ ಜಗದೀಶಚಂದ್ರ ಬೋಸರ ಸೋದರಳಿಯ. ಮಹಿಳೆಯರಿಗೆ ಕೊಡಬಹುದಾದ ವಿಷಯ ತಮ್ಮಲ್ಲಿಲ್ಲ ಎಂದು ಅವರು ಮೊದಲು ಹಿಂಜರಿದರು. ಬಿಭಾ ಪಟ್ಟು ಸಡಿಲಿಸಲಿಲ್ಲ. ಕೊನೆಗೆ ಗುರುಗಳು ಒಪ್ಪಿದರು. 1938ರಲ್ಲಿ ಡಿ.ಎಂ. ಬೋಸ್ ಬೋಸ್ ಸಂಸ್ಥೆಯ ನಿರ್ದೇಶಕರಾದಾಗ ಶಿಷ್ಯೆಯೂ ಅಲ್ಲಿಗೆ ಬಂದರು. ವಿಶ್ವಕಿರಣಗಳನ್ನು ಫೋಟೋ ಫಲಕದ ಮೇಲೆ ಹಿಡಿಯುವುದು ಇಬ್ಬರೂ ಕೈಗೆತ್ತಿಕೊಂಡ ಕೆಲಸ.

ಮಸೂರವಿಲ್ಲದ ಕ್ಯಾಮೆರಾ

ಫೋಟೋ ತೆಗೆಯುವವರಿಗೆ ಕೆಲವು ಅಭ್ಯಾಸಗಳು ರಕ್ತಗತ. ಬೆಳಕು ನೋಡುವುದು, ಮಸೂರವನ್ನು ಹೊಂದಿಸುವುದು, ಗುಂಡಿ ಒತ್ತುವ ಕ್ಷಣಕ್ಕೆ ಕಾಯುವುದು. ಮೂವತ್ತಾರು ಚಿತ್ರಗಳ ಸುರುಳಿಯಿಂದ ಡಿಜಿಟಲ್ ಕ್ಯಾಮೆರಾಕ್ಕೆ ಬಂದವರಿಗೆ ಗೊತ್ತು, ಹೊಸ ಯಂತ್ರ ಕೈಗೆ ಬಂದರೂ ಬೆರಳು ಬಹಳ ಕಾಲ ಹಳೆಯ ಲೆಕ್ಕದಲ್ಲೇ ಚಲಿಸುತ್ತದೆ. ಬಿಭಾ ಅವರ ಮೊದಲ ಕ್ಯಾಮೆರಾದಲ್ಲಿ ಈ ಅಭ್ಯಾಸಗಳಿಗೆ ಎಡೆಯೇ ಇರಲಿಲ್ಲ. ಅದಕ್ಕೆ ಮಸೂರವಿಲ್ಲ, ಷಟರ್ ಇಲ್ಲ, ಬೆಳಕು ಬೇಕಿಲ್ಲ. ಬೆಳಕು ಸೋಕಿದರೆ ಕೆಲಸ ಕೆಟ್ಟಂತೆಯೇ. ಬೆಳಕು ನುಗ್ಗದಂತೆ ಸುತ್ತಿಟ್ಟ ಗಾಜಿನ ಫಲಕವೇ ಅವರ ಪಾಲಿಗೆ ಇಡೀ ಕ್ಯಾಮೆರಾ.

ಫಲಕದ ಮೇಲೆ ಜೆಲಟಿನ್ ಲೇಪ, ಅದರೊಳಗೆ ಸಿಲ್ವರ್ ಬ್ರೋಮೈಡಿನ ಸೂಕ್ಷ್ಮ ಹರಳುಗಳು. ವಿದ್ಯುದಾವೇಶವುಳ್ಳ ಕಣವೊಂದು ಆ ಲೇಪವನ್ನು ಸೀಳಿಕೊಂಡು ಹೋದರೆ ತನ್ನ ಹಾದಿಯಲ್ಲಿ ಸಿಕ್ಕ ಹರಳುಗಳನ್ನು ಕೆಣಕುತ್ತದೆ. ಫಲಕವನ್ನು ರಾಸಾಯನಿಕದಲ್ಲಿ ತೊಳೆದಾಗ ಆ ಹರಳುಗಳು ಕಪ್ಪು ಚುಕ್ಕೆಗಳಾಗಿ ಉಳಿಯುತ್ತವೆ. ಬರಿಗಣ್ಣಿಗೆ ಫಲಕ ಖಾಲಿ ಖಾಲಿ. ಸೂಕ್ಷ್ಮದರ್ಶಕದಡಿ ಇಟ್ಟು ಇಂಚಿಂಚು ಸರಿಸಿದರೆ ಒಂದೆಡೆ ಚುಕ್ಕೆಗಳ ಸಾಲು ಸಿಗುತ್ತದೆ. ಚುಕ್ಕೆಗಳ ನಡುವಣ ಅಂತರ ಎಷ್ಟು, ಸಾಲು ಎಲ್ಲಿ ಎಷ್ಟು ಬಾಗಿದೆ ಎಂದು ಅಳೆದರೆ, ಹಾದುಹೋದ ಕಣದ ತೂಕವನ್ನು ಅಂದಾಜು ಮಾಡಬಹುದು. ಸ್ಟುಡಿಯೋದವರು ದೋಷವೆಂದು ಎಸೆದುಬಿಡುವ ಚುಕ್ಕೆಗಳೇ ಇಲ್ಲಿ ವಿಷಯ. ಆಸ್ಟ್ರಿಯದ ಮರಿಯೆಟ್ಟಾ ಬ್ಲೌ ಮತ್ತು ಹರ್ಥಾ ವಾಂಬಾಖರ್ 1937ರಲ್ಲಿ ಈ ವಿಧಾನದ ಶಕ್ತಿಯನ್ನು ತೋರಿಸಿಕೊಟ್ಟಿದ್ದರು.

ವಾತಾವರಣ ತೆಳುವಾದಷ್ಟೂ ವಿಶ್ವಕಿರಣ ಹೆಚ್ಚು. ಆದ್ದರಿಂದ ಫಲಕಗಳು ಬೆಟ್ಟ ಹತ್ತಬೇಕಾಯಿತು. ಸುಮಾರು 7,000 ಅಡಿ ಎತ್ತರದ ಡಾರ್ಜಿಲಿಂಗ್, 12,000 ಅಡಿಯ ಸಂದಕ್‌ಫು, ಟಿಬೆಟ್ ಹಾದಿಯಲ್ಲಿ ಅದಕ್ಕೂ ಮೇಲಿರುವ ಫಾರಿ ಜೋಂಗ್, ಇವು ಅವರು ಆರಿಸಿಕೊಂಡ ಜಾಗಗಳು. ಅಲ್ಲಿ ಫಲಕಗಳನ್ನು ತಿಂಗಳುಗಟ್ಟಲೆ ಇಡಲಾಗುತ್ತಿತ್ತು. ಫೋಟೋಗ್ರಾಫರ್ ಸೆಕೆಂಡಿನ ನೂರರಲ್ಲೊಂದು ಭಾಗದಲ್ಲಿ ಮುಗಿಸುವ ಕೆಲಸಕ್ಕೆ ಇಲ್ಲಿ ಋತುಗಳೇ ಸರಿಯಬೇಕು. ಕಾಲ ಕಳೆದಂತೆ ತೇವ ಮತ್ತು ತಾಪದಿಂದ ಮೊದಲು ಮೂಡಿದ ಗುರುತುಗಳು ಮಸುಕಾಗುವ ಅಪಾಯವೂ ಇತ್ತು.

ಪತ್ರಿಕೆಗಳ ಬ್ಲಾಕಿಗೆಂದು ಮಾಡಿದ ಫಲಕ

ಅವರ ಕೈಗೆ ಸಿಕ್ಕಿದ್ದು ಇಂಗ್ಲೆಂಡಿನ ಇಲ್‌ಫರ್ಡ್ ಕಂಪನಿಯ ಹಾಫ್‌ಟೋನ್ ಫಲಕಗಳು. ಆ ಬಗೆಯ ಫಲಕ ಹುಟ್ಟಿದ್ದು ಮುದ್ರಣಾಲಯಗಳಿಗಾಗಿ. ಪತ್ರಿಕೆಗಳಲ್ಲಿ ಚಿತ್ರ ಅಚ್ಚಾಗಲು ಅದನ್ನು ಚುಕ್ಕೆಗಳಾಗಿ ಒಡೆದು ಬ್ಲಾಕ್ ಮಾಡುತ್ತಿದ್ದ ಕಾಲವದು. ನಿಧಾನವಾಗಿ ಸಾಗುವ, ದಟ್ಟ ಗುರುತು ಬಿಡುವ ಕಣಗಳನ್ನು ಮಾತ್ರ ಅವು ಚೆನ್ನಾಗಿ ಹಿಡಿಯಬಲ್ಲವು. ವೇಗದ ಕಣಗಳು ಗುರುತು ಬಿಡದೆ ಪಾರಾಗುತ್ತಿದ್ದವು.

ಅಷ್ಟರಲ್ಲೇ ಬೋಸ್ ಮತ್ತು ಬಿಭಾ ಸಾಧಿಸಿದ್ದು ಅಸಾಮಾನ್ಯ. ಇಲೆಕ್ಟ್ರಾನಿಗಿಂತ ಸುಮಾರು ಇನ್ನೂರು ಪಟ್ಟು ಭಾರದ ಕಣಗಳ ಗುರುತುಗಳನ್ನು ಅವರು ಫಲಕಗಳಲ್ಲಿ ಕಂಡರು. ಇಲೆಕ್ಟ್ರಾನ್ ಮತ್ತು ಪ್ರೋಟಾನುಗಳ ನಡುವಣ ತೂಕದ ಈ ಕಣಗಳನ್ನು ಅಂದು ಮೆಸೊಟ್ರಾನ್ ಎಂದು ಕರೆಯುತ್ತಿದ್ದರು. ಗುರುತಿನ ಬಾಗು ಮತ್ತು ಚುಕ್ಕೆಗಳ ಅಂತರದಿಂದ ಅವುಗಳ ತೂಕ ಕಟ್ಟುವ ವಿಧಾನವನ್ನು ಅವರು ರೂಪಿಸಿದರು. 1940ರಿಂದ 1942ರ ನಡುವೆ ಲಂಡನ್ನಿನ ನೇಚರ್ ಪತ್ರಿಕೆಯಲ್ಲಿ ಅವರ ಲೇಖನಗಳು ಒಂದರ ಹಿಂದೆ ಒಂದರಂತೆ ಪ್ರಕಟವಾದವು.

ಮುಂದಿನ ಹೆಜ್ಜೆಗೆ ಹೆಚ್ಚು ಸೂಕ್ಷ್ಮವಾದ ಫುಲ್‌ಟೋನ್ ಫಲಕಗಳು ಬೇಕಿದ್ದವು. ಅದು ಎರಡನೆಯ ಮಹಾಯುದ್ಧದ ಕಾಲ. ಅಂಥ ಫಲಕಗಳು ಭಾರತಕ್ಕೆ ಬರಲಿಲ್ಲ. ಕೆಲಸ ಅಲ್ಲಿಗೇ ನಿಂತಿತು.

ಬ್ರಿಸ್ಟಲ್‌ನಲ್ಲಿ ಸೆಸಿಲ್ ಪಾವೆಲ್ ಅವರಿಗೆ ಯುದ್ಧ ಮುಗಿದ ಮೇಲೆ ಬೇಕಾದ ಸಲಕರಣೆ ಸಿಕ್ಕಿತು. ಅದೇ ಇಲ್‌ಫರ್ಡ್ ಕಂಪನಿ ಸಿಲ್ವರ್ ಬ್ರೋಮೈಡಿನ ಪ್ರಮಾಣವನ್ನು ಬಹಳವಾಗಿ ಹೆಚ್ಚಿಸಿದ ಹೊಸ ಫಲಕಗಳನ್ನು ಪರಮಾಣು ಸಂಶೋಧನೆಗೆಂದೇ ತಯಾರಿಸಿತು. ಪಾವೆಲ್ ತಂಡ ಅವನ್ನು ಫ್ರಾನ್ಸಿನ ಪಿಕ್ ದು ಮಿದಿ ಶಿಖರದಲ್ಲೂ ಬೊಲಿವಿಯದ ಪರ್ವತದಲ್ಲೂ ಇರಿಸಿತು. 1947ರಲ್ಲಿ ಉತ್ತರ ಹೊರಬಿತ್ತು. ಮೆಸಾನ್ ಎಂದುಕೊಂಡಿದ್ದು ಒಂದಲ್ಲ, ಎರಡು ಕಣಗಳು. ಪೈಯಾನ್ ಎಂಬ ಕಣ ನಿಂತು ಮ್ಯೂಯಾನ್ ಆಗಿ ಬದಲಾಗುವ ಚಿತ್ರವೇ ಫಲಕದಲ್ಲಿ ಮೂಡಿತ್ತು. ಅಂಥ ಸೂಕ್ಷ್ಮ ಘಟನೆಯನ್ನು ಬಿಡಿಸಿ ಹೇಳುವ ಶಕ್ತಿ ಹಾಫ್‌ಟೋನ್ ಫಲಕಕ್ಕೆ ಇರಲಿಲ್ಲ. ಫೋಟೋ ವಿಧಾನದ ಅಭಿವೃದ್ಧಿ ಮತ್ತು ಮೆಸಾನ್‌ಗಳ ಕುರಿತ ಶೋಧಕ್ಕಾಗಿ ಪಾವೆಲ್ ಅವರಿಗೆ 1950ರಲ್ಲಿ ನೊಬೆಲ್ ಬಂತು. ಬೋಸ್ ಮತ್ತು ಬಿಭಾ ಅವರ ಮೊದಲ ಹೆಜ್ಜೆಯನ್ನು ಪಾವೆಲ್ ತಮ್ಮ ಗ್ರಂಥದಲ್ಲಿ ಸ್ಮರಿಸಿದ್ದಾರೆ. ದಾರಿ ತೋರಿದ ಮರಿಯೆಟ್ಟಾ ಬ್ಲೌ ನಾಜಿಗಳಿಂದಾಗಿ 1938ರಲ್ಲಿ ದೇಶ ಬಿಟ್ಟರು. ಅವರಿಗೂ ನೊಬೆಲ್ ಸಿಗಲಿಲ್ಲ.

ಫಲಕ ಬರದಿದ್ದುದರಿಂದ ನೊಬೆಲ್ ತಪ್ಪಿತು ಎಂದು ಸುಲಭವಾಗಿ ಹೇಳಿಬಿಡುವುದುಂಟು. ಪಾವೆಲ್ ತಂಡದ ದುಡಿಮೆಯನ್ನೂ ಕಣ್ಣಿನ ಚುರುಕನ್ನೂ ಕಿರಿದುಗೊಳಿಸುವ ಮಾತು ಅದು. ಆದರೆ ಪ್ರಶ್ನೆಯನ್ನು ಮೊದಲೇ ಸರಿಯಾಗಿ ಕೇಳಿದ್ದ ಕೋಲ್ಕತ್ತದ ತಂಡಕ್ಕೆ ಉತ್ತರ ಹುಡುಕುವ ಸಾಧನವೇ ಸಿಗಲಿಲ್ಲ ಎಂಬುದು ನಿಜ.

ಕಣವೇ ಒತ್ತುವ ಗುಂಡಿ

1945ರಲ್ಲಿ ಬಿಭಾ ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ಹೋದರು. ಅಲ್ಲಿ ಪ್ಯಾಟ್ರಿಕ್ ಬ್ಲ್ಯಾಕೆಟ್ ಅವರ ಪ್ರಯೋಗಾಲಯ. ಇಲ್ಲಿಯ ಮುಖ್ಯ ಸಲಕರಣೆ ಕ್ಲೌಡ್ ಚೇಂಬರ್. ತೇವ ತುಂಬಿದ ಗಾಳಿಯ ಕೋಣೆಯನ್ನು ಥಟ್ಟನೆ ಹಿಗ್ಗಿಸಿದರೆ ಕಣ ಹಾದುಹೋದ ಹಾದಿಯಲ್ಲಿ ಸಣ್ಣ ಹನಿಗಳು ಕಟ್ಟಿಕೊಳ್ಳುತ್ತವೆ. ಆ ಕ್ಷಣದಲ್ಲಿ ಪ್ರಖರ ದೀಪ ಬೆಳಗಿಸಿ ಚಿತ್ರ ತೆಗೆಯಬೇಕು. ತಡವಾದರೆ ಹನಿಗಳು ಚದುರುತ್ತವೆ.

ಕಣ ಯಾವಾಗ ಬರುತ್ತದೆಂದು ತಿಳಿಯುವುದು ಹೇಗೆ? ಬ್ಲ್ಯಾಕೆಟ್ ಮತ್ತು ಇಟಲಿಯ ಒಕಿಯಾಲಿನಿ 1932ರಲ್ಲಿ ಇದಕ್ಕೆ ಜಾಣ ಉಪಾಯ ಕಂಡುಕೊಂಡಿದ್ದರು. ಕೋಣೆಯ ಮೇಲೂ ಕೆಳಗೂ ಗೈಗರ್ ಕೌಂಟರುಗಳನ್ನಿಟ್ಟರು. ಎರಡೂ ಒಟ್ಟಿಗೆ ಮಿಡಿದರೆ ಕಣ ಕೋಣೆಯನ್ನು ಹಾದಿದೆ ಎಂದರ್ಥ. ಆ ಮಿಡಿತವೇ ಕೋಣೆಯನ್ನು ಹಿಗ್ಗಿಸಿ ಚಿತ್ರ ತೆಗೆಸುವ ಏರ್ಪಾಡು. ಅಂದರೆ ಕ್ಯಾಮೆರಾದ ಗುಂಡಿಯನ್ನು ಒತ್ತುವವರು ಮನುಷ್ಯರಲ್ಲ, ಚಿತ್ರಕ್ಕೆ ಸಿಗಬೇಕಾದ ಕಣವೇ.

ತಿಂಗಳುಗಟ್ಟಲೆ ಎಲ್ಲವನ್ನೂ ಸುಮ್ಮನೆ ಹೀರಿಕೊಳ್ಳುವ ಫಲಕಕ್ಕೆ ಒಗ್ಗಿದ್ದ ಬಿಭಾ ಅವರಿಗೆ ಇದು ಬೇರೆಯದೇ ಲೋಕ. ಫಲಕದಲ್ಲಿ ಬೇಕಾದದ್ದು ಬೇಡವಾದದ್ದು ಎಲ್ಲ ದಾಖಲಾಗುತ್ತದೆ, ಆಯ್ಕೆ ನಡೆಯುವುದು ಸೂಕ್ಷ್ಮದರ್ಶಕದ ಮುಂದೆ. ಕೌಂಟರುಗಳಿದ್ದಲ್ಲಿ ಆಯ್ಕೆ ಮೊದಲೇ ಆಗಿಹೋಗುತ್ತದೆ. ಏನನ್ನು ಹಿಡಿಯಬೇಕೆಂದು ಮುಂಚೆಯೇ ಯೋಚಿಸಿ ಕೌಂಟರುಗಳನ್ನು ಜೋಡಿಸಬೇಕು. ಫಲಕದಲ್ಲಿ ಸಮಯದ ಲೆಕ್ಕವಿಲ್ಲ, ಯಾವ ಗುರುತು ಯಾವ ದಿನದ್ದೆಂದು ಹೇಳಲಾಗದು. ಇಲ್ಲಿ ಕ್ಷಣದ ಲೆಕ್ಕವೇ ಎಲ್ಲ. ಬದಲಾಗದೆ ಉಳಿದದ್ದು ಒಂದು: ಸಾವಿರಾರು ಚಿತ್ರಗಳನ್ನು ಬೇಸರಿಸದೆ ನೋಡುವ ಕಣ್ಣು. ಅದೇ ಮ್ಯಾಂಚೆಸ್ಟರಿನಲ್ಲಿ ರಾಚೆಸ್ಟರ್ ಮತ್ತು ಬಟ್ಲರ್ ಸುಮಾರು 5,000 ಕ್ಲೌಡ್ ಚೇಂಬರ್ ಚಿತ್ರಗಳಲ್ಲಿ ಎರಡೇ ಎರಡನ್ನು ಹೆಕ್ಕಿ, ಅವುಗಳಿಂದ ಹೊಸ ಬಗೆಯ ಕಣಗಳ ಇರವನ್ನು 1947ರಲ್ಲಿ ಸಾರಿದರು.

ಬಿಭಾ ಅವರ ಡಾಕ್ಟರೇಟ್ ಅಧ್ಯಯನ ವಿಶ್ವಕಿರಣಗಳ ಮಹಾಮಳೆಗಳ ಕುರಿತು. ಅಪಾರ ಶಕ್ತಿಯ ಒಂದೇ ಕಣ ವಾತಾವರಣಕ್ಕೆ ಬಡಿದರೆ ಅದರಿಂದ ಸಾವಿರಾರು ಕಣಗಳು ಹುಟ್ಟಿ ಏಕಕಾಲಕ್ಕೆ ನೆಲಕ್ಕೆ ಸುರಿಯುತ್ತವೆ. ಆ ಮಳೆಯಲ್ಲಿ ಸೀಸದ ಗೋಡೆಯನ್ನೂ ತೂರಿಹೋಗುವ ಕಣಗಳು ಎಷ್ಟು ಎಂಬುದು ಅವರ ಪ್ರಶ್ನೆಯಾಗಿತ್ತು. ಬ್ಲ್ಯಾಕೆಟ್ ಅವರಿಗೆ 1948ರಲ್ಲಿ ನೊಬೆಲ್ ಬಂತು. ಬಿಭಾ 1949ರಲ್ಲಿ ಪ್ರಬಂಧ ಸಲ್ಲಿಸಿದರು. ಮ್ಯಾಂಚೆಸ್ಟರಿನ ಪತ್ರಿಕೆಯೊಂದು ಭಾರತದ ಹೊಸ ಮಹಿಳಾ ವಿಜ್ಞಾನಿಯೆಂದು ಅವರನ್ನು ಓದುಗರಿಗೆ ಪರಿಚಯಿಸಿತು.

ಟಾಟಾ ಸಂಸ್ಥೆಯ ಮೊದಲ ಮಹಿಳೆ

ಹೋಮಿ ಭಾಭಾ ಅವರ ವಿಶ್ವಕಿರಣ ಸಂಶೋಧನೆ ಭಾರತದಲ್ಲಿ ಬೇರೂರಿದ್ದು ಬೆಂಗಳೂರಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯೂ 1945ರಲ್ಲಿ ಅಲ್ಲಿಯೇ ಕಣ್ತೆರೆದು ಆ ವರ್ಷದ ಕೊನೆಗೆ ಮುಂಬಯಿಗೆ ಹೋಯಿತು. 1949ರಲ್ಲಿ ಆ ಸಂಸ್ಥೆಯನ್ನು ಸೇರಿದ ಬಿಭಾ ಅಲ್ಲಿಯ ಮೊದಲ ಮಹಿಳಾ ಸಂಶೋಧಕಿ. 1957ರವರೆಗೆ ಅಲ್ಲಿದ್ದರು. ನಡುವೆ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೂ ಹೋಗಿಬಂದರು.

ಅದೇ ವರ್ಷಗಳಲ್ಲಿ ಭಾಭಾ ಅವರ ಕಣ್ಣು ಕೋಲಾರದ ಗಣಿಯ ಮೇಲೆ ಬಿದ್ದಿತ್ತು. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲಿ ಗಣಿಗಿಳಿದು ವಿವಿಧ ಆಳಗಳಲ್ಲಿ ಮ್ಯೂಯಾನ್‌ಗಳನ್ನು ಎಣಿಸಿದರು. ಮಂಗಳೂರಿನಲ್ಲಿ ಹುಟ್ಟಿದ ಎಂ.ಜಿ.ಕೆ. ಮೆನನ್ ಬ್ರಿಸ್ಟಲ್‌ನಲ್ಲಿ ಪಾವೆಲ್ ಅವರ ಬಳಿಯೇ ಫಲಕಗಳ ವಿದ್ಯೆ ಕಲಿತು 1955ರಲ್ಲಿ ಸಂಸ್ಥೆಗೆ ಬಂದವರು. ಫಲಕದ ಅಭ್ಯಾಸ ಬಿಟ್ಟು ಗಣಿಯ ಹೊಸ ಸಲಕರಣೆಗಳಿಗೆ ಅವರೂ ಹೊಂದಿಕೊಂಡರು.

ಕತ್ತಲಲ್ಲಿ ಕಾಯುವ ಕ್ಯಾಮೆರಾ

ಕೋಲಾರದ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳದ್ದು. ಕೆಳಗೆ ಹೋದಂತೆ ಬಂಡೆಯ ತಾಪ ಅರವತ್ತು ಡಿಗ್ರಿ ಮೀರುತ್ತಿತ್ತು. ಬಂಡೆ ಸಿಡಿಯುವ ಭಯ ದಿನನಿತ್ಯದ್ದು. ಮೆನನ್, ಶ್ರೀಕಂಠನ್ ಮತ್ತು ಸಂಗಡಿಗರು 1960ರ ದಶಕದ ಆದಿಯಲ್ಲಿ ಇಲ್ಲಿ ಹಂತಹಂತವಾಗಿ ಕೆಳಗಿಳಿದರು. ಅತಿ ಆಳದ ನೆಲೆಯಲ್ಲಿ ಎರಡು ತಿಂಗಳು ಕಾದರೂ ಒಂದು ಮ್ಯೂಯಾನೂ ಬರಲಿಲ್ಲ. ಎಣಿಕೆ ಸೊನ್ನೆಯಾದದ್ದೇ ಶುಭವಾರ್ತೆಯಾಯಿತು. ಉಳಿದ ಕಣಗಳ ಗದ್ದಲ ಅಡಗಿದ ಇಂಥ ಆಳದಲ್ಲಿ, ಭೂಮಿಯನ್ನೇ ತೂರಿಬರಬಲ್ಲ ನ್ಯೂಟ್ರಿನೊಗಳ ಗುರುತನ್ನು ಹುಡುಕಬಹುದೆಂದು ಗೊತ್ತಾಯಿತು.

ಹಾಗೆ ಚಾಂಪಿಯನ್ ರೀಫ್ ಗಣಿಯಲ್ಲಿ, ಸುಮಾರು 7,600 ಅಡಿ ಕೆಳಗೆ, ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳು ಕೂಡಿ ಪ್ರಯೋಗ ಹೂಡಿದವು. ಎರಡು ಬದಿಗೆ ಸಿಂಟಿಲೇಟರ್ ಗೋಡೆಗಳು, ನಡುವೆ ನಿಯಾನ್ ಅನಿಲದ ಗಾಜಿನ ಕೊಳವೆಗಳ ಸಾಲು. ಕಣ ಹಾದರೆ ಸಿಂಟಿಲೇಟರ್ ಮಿಡಿಯುತ್ತದೆ, ಕೊಳವೆಗಳಿಗೆ ವಿದ್ಯುತ್ತಿನ ಹೊಡೆತ ಬೀಳುತ್ತದೆ, ಕಣದ ಹಾದಿಯಲ್ಲಿದ್ದ ಕೊಳವೆಗಳು ಮಾತ್ರ ಮಿನುಗುತ್ತವೆ. ಆ ಮಿನುಗನ್ನು ಹಿಡಿಯಲು ಎದುರಿಗೆ ಕ್ಯಾಮೆರಾ. ವಾರಗಟ್ಟಲೆ ಕತ್ತಲಲ್ಲಿ ಕಾದು ಒಂದು ಚಿತ್ರ ಸಿಕ್ಕರೆ ಅದೇ ದೊಡ್ಡದು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು 1965ರಲ್ಲಿ ಇಲ್ಲಿ ಸಿಕ್ಕಿತು. ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಇದೇ ಕೆಲಸದಲ್ಲಿದ್ದ ತಂಡದ ವರದಿ ಪ್ರಕಟವಾದದ್ದು ಕೆಲವೇ ದಿನಗಳ ಬಳಿಕ.

ಟಾಟಾ ಸಂಸ್ಥೆ ಬಿಟ್ಟ ಬಿಭಾ ಮುಂದೆ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯಕ್ಕೆ ಸೇರಿ, ಅಲ್ಲಿಂದ ಕೋಲಾರ ಗಣಿಯ ಪ್ರಯೋಗಗಳಲ್ಲಿ ತೊಡಗಿದರು. ನೆಲದಾಳಕ್ಕಿಳಿಯುವ ಪ್ರಬಲ ಮ್ಯೂಯಾನ್‌ಗಳ ಅಧ್ಯಯನ ಅವರದು. ಅವರ ಮೊದಲ ಫಲಕಗಳು ಹಿಮಾಲಯದ ಎತ್ತರದಲ್ಲಿ ಹಿಡಿದ ಕಣಗಳಿಗೂ, ಚಿನ್ನದ ಗಣಿಯ ಕಲ್ಲನ್ನು ದಾಟಿ ಬರುವ ಈ ಕಣಗಳಿಗೂ ಹತ್ತಿರದ ನಂಟು. ಮೂರು ದಶಕಗಳ ಅವಧಿಯಲ್ಲಿ ಸಲಕರಣೆ ಮತ್ತೆ ಮತ್ತೆ ಬದಲಾಗಿತ್ತು, ಎತ್ತರದ ಜಾಗದಲ್ಲಿ ಆಳ ಬಂದಿತ್ತು. ಮ್ಯಾಂಚೆಸ್ಟರಿನಲ್ಲಿ ಎತ್ತಿಕೊಂಡ ಪ್ರಶ್ನೆ ಹಾಗೆಯೇ ಇತ್ತು: ಮಹಾಮಳೆಯಲ್ಲಿ ಯಾವ ಕಣಗಳು ಎಷ್ಟು ದೂರ ತೂರಿಹೋಗಬಲ್ಲವು?

ಕೊನೆಯ ವರ್ಷಗಳು, ತಡವಾದ ಬೆಳಕು

ಪ್ರಯೋಗಾಲಯದ ನಿರ್ದೇಶಕರಾಗಿದ್ದ ವಿಕ್ರಮ್ ಸಾರಾಭಾಯ್ 1971ರ ಡಿಸೆಂಬರಿನಲ್ಲಿ ತೀರಿಕೊಂಡರು. ಆ ಬಳಿಕ ರಾಜಸ್ಥಾನದ ಮೌಂಟ್ ಅಬುವಿನಲ್ಲಿ ಬಿಭಾ ಹೂಡಬೇಕೆಂದಿದ್ದ ಹೊಸ ಪ್ರಯೋಗಕ್ಕೆ ಒಪ್ಪಿಗೆ ದೊರೆಯಲಿಲ್ಲ. ಅವರು ಸ್ವಯಂ ನಿವೃತ್ತಿ ಪಡೆದು ಕೋಲ್ಕತ್ತಕ್ಕೆ ಮರಳಿದರು. ಸಂಶೋಧನೆಯಿಂದ ಮಾತ್ರ ನಿವೃತ್ತರಾಗಲಿಲ್ಲ. ಸಾಹಾ ಪರಮಾಣು ಭೌತ ಸಂಸ್ಥೆಯೊಂದಿಗೆ ಕೆಲಸ ಮುಂದುವರಿಸಿದರು. ಅವರ ಕೊನೆಯ ಲೇಖನ ಪ್ರಕಟವಾದದ್ದು 1990ರಲ್ಲಿ. ಮರುವರ್ಷ ಜೂನ್ 2ರಂದು ಅವರು ತೀರಿಕೊಂಡರು. ಅವರು ಮದುವೆಯಾಗಿರಲಿಲ್ಲ. ದೇಶದ ಯಾವ ವಿಜ್ಞಾನ ಅಕಾಡೆಮಿಯೂ ಅವರನ್ನು ಫೆಲೋ ಆಗಿ ಆರಿಸಲಿಲ್ಲ. ಹೇಳಿಕೊಳ್ಳುವಂಥ ರಾಷ್ಟ್ರೀಯ ಪುರಸ್ಕಾರವೂ ಬರಲಿಲ್ಲ.

ಇಬ್ಬರು ಇತಿಹಾಸಾಸಕ್ತ ವಿಜ್ಞಾನಿಗಳಾದ ರಾಜಿಂದರ್ ಸಿಂಗ್ ಮತ್ತು ಸುಪ್ರಕಾಶ್ ರಾಯ್ 2018ರಲ್ಲಿ ಅವರ ಜೀವನಚರಿತ್ರೆ ಹೊರತಂದರು. ಮರುವರ್ಷ ಅಂತಾರಾಷ್ಟ್ರೀಯ ಖಗೋಳ ಒಕ್ಕೂಟ ದೂರದ ನಕ್ಷತ್ರಗಳಿಗೆ ಹೆಸರಿಡುವ ಅವಕಾಶವನ್ನು ದೇಶಗಳಿಗೆ ಕೊಟ್ಟಾಗ, ಭಾರತದ ಪಾಲಿಗೆ ಬಂದ ನಕ್ಷತ್ರಕ್ಕೆ ಬಿಭಾ ಎಂಬ ಹೆಸರು ನಿಶ್ಚಯವಾಯಿತು. ಅದನ್ನು ಸುತ್ತುವ ಗ್ರಹದ ಹೆಸರು ಸಂತಮಸ.

ಕೋಲಾರದ ಗಣಿಯಲ್ಲಿ ವಿಶ್ವಕಿರಣ ಪ್ರಯೋಗಗಳು 1990ರ ದಶಕದ ಆರಂಭದವರೆಗೂ ನಡೆದವು. 2001ರ ಫೆಬ್ರವರಿ 28ರಂದು ಗಣಿಯೇ ಮುಚ್ಚಿತು. ಆಳದ ಸುರಂಗಗಳಲ್ಲಿ ಈಗ ನೀರು ತುಂಬಿದೆ. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲು ಮಾತ್ರ ಸೈನೈಡ್ ದಿಬ್ಬಗಳ ಪಕ್ಕದಲ್ಲಿ ಇಂದಿಗೂ ಓಡುತ್ತಿದೆ. ನಸುಕಿಗೆ ಎದ್ದು ಅದರಲ್ಲಿ ಬೆಂಗಳೂರಿಗೆ ದುಡಿಯಲು ಹೋಗುವ ಸಾವಿರಾರು ಮಂದಿಯ ಮನೆಗಳ ಕೆಳಗೆ ಒಂದು ಕಾಲಕ್ಕೆ ಚಿನ್ನ ತೆಗೆದಂತೆ ಆಕಾಶದ ಚಿತ್ರವನ್ನೂ ತೆಗೆಯಲಾಗುತ್ತಿತ್ತು. ಆ ಕೆಲಸದಲ್ಲಿ ಪಾಲ್ಗೊಂಡವರ ಹೆಸರುಗಳನ್ನು ಬರೆದಿಡುವಾಗ, ಪತ್ರಿಕೆಗಳ ಬ್ಲಾಕಿಗೆಂದು ಮಾಡಿದ ಗಾಜಿನ ಫಲಕದಿಂದ ಕೆಲಸ ಆರಂಭಿಸಿದ ಈ ಬಂಗಾಳಿ ಮಹಿಳೆಯ ಹೆಸರೂ ಇರಬೇಕು.